ಶನಿವಾರದ ಎಂಟು ತಾಸು

ಕ್ರೊಯೇಷಿಯಾದ ಕರಾವಳಿಯುದ್ದಕ್ಕೂ ದೊಡ್ಡವು ಚಿಕ್ಕವು ಸೇರಿ 1200ಕ್ಕೂ ಹೆಚ್ಚು ದ್ವೀಪ, ನಡುಗಡ್ಡೆ, ಬಂಡೆಗಳಿವೆ. ಬೆಳಿಗ್ಗೆ ಒಂದು ದ್ವೀಪ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಂದರ ಮರೆಯಲ್ಲಿ ಲಂಗರು ಹಾಕಬಹುದು. ಭರತ ಇಳಿತದ ಕಾಟ ಹೇಳಿಕೊಳ್ಳುವಷ್ಟಿಲ್ಲ, ರಾತ್ರಿ ತಂಗಲು ಕೊಲ್ಲಿಗಳಿಗೂ ಬಂದರುಗಳಿಗೂ ಬರವಿಲ್ಲ. ಹಾಯಿದೋಣಿಯನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಕಡಲ ಮೇಲೆಯೇ ರಜೆ ಕಳೆಯುವ ರೂಢಿ ಇಲ್ಲಿ ಇಷ್ಟು ಬೆಳೆದಿರುವುದಕ್ಕೆ ಕಾರಣ ಇದೇ. ಸ್ಪ್ಲಿಟ್, ತ್ರೋಗಿರ್, ಶಿಬೆನಿಕ್, ಬಿಯೋಗ್ರಾದ್, ಝಾದರ್ ಊರುಗಳ ಮರಿನಾಗಳಲ್ಲಿ ಬಾಡಿಗೆಯ ದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. 2023ರ ಜನವರಿ 1ರಂದು ಕ್ರೊಯೇಷಿಯಾ ಷೆಂಗೆನ್ ವಲಯ ಸೇರಿತು, ಅದೇ ದಿನ ಯೂರೋ ನಾಣ್ಯವನ್ನೂ ಒಪ್ಪಿಕೊಂಡಿತು. ಹೀಗಾಗಿ ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗ ಕುಟುಂಬಕ್ಕಾಗಲಿ, ಬೆಂಗಳೂರಿನಿಂದ ಷೆಂಗೆನ್ ವೀಸಾ ಹಿಡಿದು ಹೊರಟವರಿಗಾಗಲಿ ಈ ಕಡಲು ಮೊದಲಿಗಿಂತ ಹತ್ತಿರವಾಗಿದೆ. ಹೋಗುವುದು ಸುಲಭವಾದಷ್ಟೂ ಕಂಪನಿಯನ್ನು ಆರಿಸುವುದು ಕಷ್ಟವಾಗಿದೆ. ಜಾಲತಾಣ ತೆರೆದರೆ ನೂರಾರು ಬಿಳಿ ದೋಣಿಗಳು, ನೀಲಿ ನೀರು, ಪಕ್ಕದಲ್ಲಿ ಒಂದು ದರ. ಹೆಚ್ಚಿನವರು ಚಿತ್ರ ನೋಡಿ, ದರ ಹೋಲಿಸಿ, ಹಣ ಕಟ್ಟುತ್ತಾರೆ. ಆದರೆ ಒಂದು ಕಂಪನಿಗೂ ಇನ್ನೊಂದಕ್ಕೂ ಇರುವ ನಿಜವಾದ ಅಂತರ ಚಿತ್ರದಲ್ಲೂ ಇಲ್ಲ, ದರದಲ್ಲೂ ಇಲ್ಲ. ಅದನ್ನು ಹುಡುಕಬೇಕಾದದ್ದು ದೋಣಿ ನಿಲ್ಲುವ ದಕ್ಕೆಯಲ್ಲಿ.

ದೋಣಿಯ ಮಟ್ಟಿಗೆ ಆಯ್ಕೆ ತೋರುವಷ್ಟು ವಿಶಾಲವಾಗಿಲ್ಲ. ಬಾಡಿಗೆ ಮಾರುಕಟ್ಟೆಯ ಬಹುಪಾಲು ದೋಣಿಗಳನ್ನು ಕಟ್ಟುವವರು ಬೆರಳೆಣಿಕೆಯ ಕಾರ್ಖಾನೆಯವರು: ಜರ್ಮನಿಯ ಬವೇರಿಯಾ ಮತ್ತು ಹಾನ್ಸೆ, ಫ್ರಾನ್ಸಿನ ಬೆನೆಟೊ, ಜಾನೊ, ಡುಫೂರ್, ಎರಡು ಒಡಲಿನ ಕ್ಯಾಟಮರಾನ್ ಬೇಕೆಂದರೆ ಲಗೂನ್. ಒಂದೇ ಮಾದರಿಯ ದೋಣಿ ಹತ್ತು ಕಂಪನಿಗಳ ಬಳಿ ಇರುತ್ತದೆ. ಅದೇ ಮೂರು ಕೋಣೆ, ಅದೇ ಅಡುಗೆಕಟ್ಟೆ, ಅದೇ ಹಾಯಿ. ಕಂಪನಿಯವರು ಹಾಕುವ ಚಿತ್ರಗಳೂ ಎಷ್ಟೋ ಸಲ ದೋಣಿ ಹೊಸದಾಗಿದ್ದಾಗ ತೆಗೆದವು. ಇನ್ನೂ ಒಂದು ಸಂಗತಿಯಿದೆ. ಒಂದೇ ಹೆಸರಿನ, ಒಂದೇ ವರ್ಷ ಕಟ್ಟಿದ ದೋಣಿ ನಾಲ್ಕೈದು ತಾಣಗಳಲ್ಲಿ ನಾಲ್ಕೈದು ದರಕ್ಕೆ ಕಂಡರೆ ಅದು ನಾಲ್ಕೈದು ದೋಣಿಗಳಲ್ಲ, ಒಂದೇ. ದೋಣಿಯನ್ನು ಇಟ್ಟುಕೊಂಡು ನಡೆಸುವವರು ಒಬ್ಬರು. ಅದನ್ನು ಮಾರುವ ದಲ್ಲಾಳಿಗಳು ಹಲವರು. ದಲ್ಲಾಳಿಯ ಕಮಿಷನ್ ನಡೆಸುವವನಿಂದ ಬರುತ್ತದೆ. ದಲ್ಲಾಳಿಯ ಮೂಲಕ ಹೋಗುವುದು ತಪ್ಪೇನಲ್ಲ, ಒಳ್ಳೆಯ ದಲ್ಲಾಳಿಗೆ ಯಾವ ದಕ್ಕೆಯಲ್ಲಿ ಕೆಲಸ ಅಚ್ಚುಕಟ್ಟು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಹಣ ಕಟ್ಟುವ ಮೊದಲು ಒಂದು ಪ್ರಶ್ನೆಗೆ ಲಿಖಿತ ಉತ್ತರ ಬೇಕು: ದೋಣಿಯನ್ನು ನಮ್ಮ ಕೈಗೆ ಕೊಡುವವರು ಯಾರು, ಕರಾರಿಗೆ ಸಹಿ ಹಾಕುವವರು ಯಾರು? ಆ ಹೆಸರು ಗೊತ್ತಾಗುವವರೆಗೆ ನೀವು ಕಂಪನಿಯನ್ನು ಆರಿಸಿಯೇ ಇಲ್ಲ.

ಆ ಹೆಸರು ಸಿಕ್ಕ ಮೇಲೆ ನೋಡಬೇಕಾದದ್ದು ಶನಿವಾರವನ್ನು. ಈ ಕಡಲಿನ ಬಾಡಿಗೆ ವಾರ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಹೋದವರು ಶುಕ್ರವಾರ ಸಂಜೆಯೊಳಗೆ ದೋಣಿಯನ್ನು ದಕ್ಕೆಗೆ ತಂದು ಕಟ್ಟಬೇಕು, ರಾತ್ರಿ ಅದರಲ್ಲೇ ಮಲಗಿ ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಇಳಿಯಬೇಕು. ಹೊಸಬರು ಸಂಜೆ ಐದರ ಹೊತ್ತಿಗೆ ಹತ್ತುತ್ತಾರೆ. ನಡುವೆ ಉಳಿಯುವುದು ಎಂಟು ತಾಸು. ಬೆಳಿಗ್ಗೆ ಒಂದು ದಿಬ್ಬಣ ಖಾಲಿ ಮಾಡಿದ ಛತ್ರ ಸಂಜೆಯ ಆರತಕ್ಷತೆಗೆ ಮತ್ತೊಂದು ದಿಬ್ಬಣಕ್ಕೆ ಅಣಿಯಾಗಬೇಕಲ್ಲ, ಹಾಗೆ. ಆದರೆ ಇಲ್ಲಿ ಕಸ ಗುಡಿಸಿದರೆ ಮುಗಿಯದು. ಎಂಜಿನ್ ಎಣ್ಣೆ, ಶೀತಕ, ಬೆಲ್ಟು, ಬ್ಯಾಟರಿ, ಶೌಚದ ಪಂಪು, ಹಾಯಿಯ ಹೊಲಿಗೆ, ಹಗ್ಗಗಳ ಸವೆತ, ಲಂಗರಿನ ಯಂತ್ರ, ರೇಡಿಯೋ, ಗ್ಯಾಸ್ ಕೊಳವೆ ಎಲ್ಲವನ್ನೂ ನೋಡಬೇಕು. ತಳ ಎಲ್ಲಾದರೂ ಬಂಡೆಗೆ ತಾಗಿದೆಯೇ ಎಂದು ಮುಳುಗುಗಾರ ನೀರಿಗಿಳಿದು ನೋಡಬೇಕು. ಹೋದ ವಾರದವರು ಹೇಳಿದ ದೂರುಗಳನ್ನು ಸರಿಪಡಿಸಬೇಕು, ಹೇಳದೆ ಮುಚ್ಚಿಟ್ಟವನ್ನು ಕಂಡುಹಿಡಿಯಬೇಕು. ಇದು ಒಂದು ದೋಣಿಯ ಕೆಲಸ. ಜುಲೈ, ಆಗಸ್ಟ್ ತಿಂಗಳಲ್ಲಿ ಕಂಪನಿಯ ಅಷ್ಟೂ ದೋಣಿಗಳಿಗೆ ಅದೇ ಶನಿವಾರ, ಅದೇ ಎಂಟು ತಾಸು.

ಹೀಗಿರುವಾಗ ಕಂಪನಿಯ ಗುಣವನ್ನು ಅಳೆಯಲು ನನಗೆ ಗೊತ್ತಿರುವ ಅತ್ಯುತ್ತಮ ಪ್ರಶ್ನೆ ಇದು: ಈ ದಕ್ಕೆಯಲ್ಲಿ ನಿಮಗೆ ದೋಣಿಗಳೆಷ್ಟು, ಮೆಕ್ಯಾನಿಕ್‌ಗಳೆಷ್ಟು, ಅವರು ವರ್ಷವಿಡೀ ಸಂಬಳದ ನೌಕರರೋ ಹಂಗಾಮಿಗೆ ಬಂದವರೋ? ನಲವತ್ತು ದೋಣಿಗೆ ಇಬ್ಬರಿದ್ದರೆ ಪ್ರತಿ ದೋಣಿಗೆ ಸಿಗುವುದು ಅರ್ಧ ತಾಸಿಗೂ ಕಡಿಮೆ. ಹದಿನೈದು ದೋಣಿಗೆ ಮೂವರಿದ್ದರೆ ಒಂದೂವರೆ ತಾಸಿಗಿಂತ ಹೆಚ್ಚು. ಎರಡೂ ಕಡೆಯ ಚಿತ್ರಗಳು ಒಂದೇ ಥರ ಹೊಳೆಯುತ್ತವೆ. ಇದರ ಜೊತೆಗೇ ಕೇಳಬೇಕಾದದ್ದು, ನಡುದಾರಿಯಲ್ಲಿ ಕೆಟ್ಟರೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂಬುದು. ಅನೇಕ ಕರಾರುಗಳಲ್ಲಿ ದೋಷ ಸರಿಪಡಿಸಲು ಕಂಪನಿಗೆ 24 ತಾಸಿನ ಅವಕಾಶ ಇರುತ್ತದೆ. ಅಲ್ಲಿಯವರೆಗೆ ನಿಮಗೆ ಪರಿಹಾರ ಹುಟ್ಟುವುದಿಲ್ಲ. ಏಳು ದಿನದ ರಜೆಯಲ್ಲಿ ಒಂದು ದಿನವೆಂದರೆ ಸಣ್ಣ ಪಾಲಲ್ಲ. ತನ್ನದೇ ವೇಗದ ದೋಣಿಯಲ್ಲಿ ಮೆಕ್ಯಾನಿಕ್‌ನನ್ನು ದ್ವೀಪಕ್ಕೆ ಕಳಿಸುವ ಕಂಪನಿಯೂ ಇದೆ, ನೀವೇ ದಕ್ಕೆಗೆ ವಾಪಸು ಬನ್ನಿ ಎನ್ನುವ ಕಂಪನಿಯೂ ಇದೆ. ದರದ ಅಂತರಕ್ಕೆ ಅರ್ಥ ಸಿಗುವುದು ಇಂಥ ಕಡೆ.

ಕಂಪನಿಯ ಕೆಲಸದ ರೀತಿ ಕೈಗೆ ಸಿಗುವಷ್ಟು ಸ್ಪಷ್ಟವಾಗಿ ಕಾಣುವುದು ದೋಣಿ ಒಪ್ಪಿಸುವ ಹೊತ್ತಿನಲ್ಲಿ. ಮೂತಿಯ ಕಡೆ ಲಂಗರಿನ ಸರಪಳಿಯನ್ನು ಇಳಿಸಿ ಏರಿಸುವ ವಿದ್ಯುತ್ ಯಂತ್ರವಿದೆಯಲ್ಲ, ಅದನ್ನು ಎಂಜಿನ್ ಚಾಲೂ ಇಟ್ಟೇ ಓಡಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಸೋಲುತ್ತದೆ. ಹೊರೆ ಹೆಚ್ಚಾದರೆ ಅದರ ಬ್ರೇಕರ್ ಹಾರುತ್ತದೆ. ಆ ಬ್ರೇಕರ್ ಎಲ್ಲಿದೆ? ಕೆಲವು ದೋಣಿಗಳಲ್ಲಿ ಹಾಸಿಗೆಯ ಕೆಳಗೆ, ಕೆಲವುಗಳಲ್ಲಿ ಮೆಟ್ಟಿಲ ಹಿಂದೆ. ರಾತ್ರಿ ಗಾಳಿ ತಿರುಗಿ, ದೋಣಿ ಬಂಡೆಯತ್ತ ಸರಿಯುತ್ತಿರುವಾಗ ಅದನ್ನು ಹುಡುಕುವಂತಾಗಬಾರದು. ಒಳ್ಳೆಯ ಕಂಪನಿಯ ಹುಡುಗ ನಿಮ್ಮನ್ನು ಅಲ್ಲಿಗೆ ಕರೆದೊಯ್ದು, ಬ್ರೇಕರ್ ಮೇಲೆ ನಿಮ್ಮ ಕೈ ಇಡಿಸಿ, ಸರಪಳಿ ಒಟ್ಟು ಎಷ್ಟು ಮೀಟರ್, ಹತ್ತು ಮೀಟರಿಗೊಮ್ಮೆ ಯಾವ ಬಣ್ಣದ ಗುರುತು ಎಂದು ತೋರಿಸುತ್ತಾನೆ. ಆಮೇಲೆ ಎಂಜಿನ್ ಚಾಲೂ ಮಾಡಿ ಹಿಂಬದಿಗೆ ಕರೆಯುತ್ತಾನೆ: ಹೊಗೆಕೊಳವೆಯಿಂದ ನೀರು ಬಿಟ್ಟು ಬಿಟ್ಟು ಚಿಮ್ಮುತ್ತಿರಬೇಕು. ಕಡಲ ನೀರೇ ಈ ಎಂಜಿನ್ನನ್ನು ತಣಿಸುವುದು. ಚಿಮ್ಮುವುದು ನಿಂತರೆ ಒಳಗಿನ ರಬ್ಬರಿನ ಪುಟ್ಟ ಚಕ್ರ ಹರಿದಿದೆ ಎಂದೋ, ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿದೆ ಎಂದೋ ಅರ್ಥ. ಕೂಡಲೇ ಎಂಜಿನ್ ಆರಿಸಬೇಕು. ಜೀವರಕ್ಷಕ ತೆಪ್ಪದ ಡಬ್ಬಿಯ ಮೇಲೆ ಮುಂದಿನ ತಪಾಸಣೆಯ ತಾರೀಖು, ಸಂಕೇತದ ಪಟಾಕಿಗಳ ಮೇಲೆ ಅವಧಿ ಮುಗಿಯುವ ತಿಂಗಳು, ಮಕ್ಕಳ ಅಳತೆಯ ಲೈಫ್ ಜಾಕೆಟ್, 16ನೇ ಚಾನೆಲ್‌ನಲ್ಲಿ ರೇಡಿಯೋ, ಕಡಲ ರಕ್ಷಣೆಗೆಂದೇ ಕ್ರೊಯೇಷಿಯಾದಲ್ಲಿರುವ 195 ಎಂಬ ಫೋನ್ ಸಂಖ್ಯೆ, ಇವನ್ನೆಲ್ಲ ತೋರಿಸಲು ಒಂದೂವರೆ ತಾಸಾದರೂ ಬೇಕು. ಹದಿನೈದು ನಿಮಿಷದಲ್ಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮುಂದಿನ ದೋಣಿಗೆ ಓಡುವವನಿದ್ದರೆ ತಪ್ಪು ಆ ಹುಡುಗನದಲ್ಲ. ಅವನ ಪಾಲಿಗೆ ಎಷ್ಟು ದೋಣಿಗಳಿವೆ ಎಂದು ತೀರ್ಮಾನಿಸಿದವರದ್ದು. ಒಪ್ಪಿಸಲು ಎಷ್ಟು ಹೊತ್ತು ಕೊಡುತ್ತೀರಿ, ತಪಾಸಣೆಯ ಪಟ್ಟಿಯನ್ನು ಮೊದಲೇ ಕಳಿಸುತ್ತೀರಾ ಎಂದು ಊರಿನಲ್ಲಿ ಕುಳಿತೇ ಕೇಳಬಹುದು. ಉತ್ತರ ಬರುವ ಬಗೆಯೇ ಬಹಳಷ್ಟನ್ನು ಹೇಳುತ್ತದೆ.

ಇಷ್ಟೆಲ್ಲ ಯಾಕೆ, ಹಿಂದೆ ಹೋದವರು ಬರೆದ ಅಭಿಪ್ರಾಯ ಓದಿದರೆ ಸಾಲದೇ ಎಂದು ಕೇಳಬಹುದು. ಓದಬೇಕು, ಆದರೆ ನಕ್ಷತ್ರ ಎಣಿಸುವುದಕ್ಕಲ್ಲ. ಹೆಚ್ಚಿನ ಅಭಿಪ್ರಾಯಗಳು ಕಡಲ ಚೆಲುವಿಗೆ ಕೊಟ್ಟ ಅಂಕಗಳು. ಏನೂ ಕೆಡದ ವಾರದಲ್ಲಿ ಕಂಪನಿಯ ಪರೀಕ್ಷೆಯೇ ಆಗಿರುವುದಿಲ್ಲ. ಬೆಲೆ ಇರುವುದು ಏನೋ ಕೆಟ್ಟಿತ್ತು ಎಂದು ಬರೆದವರ ಮಾತಿಗೆ. ಫೋನ್ ಎತ್ತಿದರೋ, ಯಾವಾಗ ಬಂದರು, ಠೇವಣಿಯಲ್ಲಿ ಎಷ್ಟು ಹಿಡಿದರು, ಹಿಡಿದುದಕ್ಕೆ ರಸೀದಿ ಕೊಟ್ಟರೋ? ಇವನ್ನು ಹೇಳುವ ಮೂರು ಅಭಿಪ್ರಾಯಗಳು ಸೂರ್ಯಾಸ್ತವನ್ನು ಹೊಗಳುವ ಮುನ್ನೂರಕ್ಕಿಂತ ಹೆಚ್ಚು ತೂಕದವು. ತಿಂಗಳನ್ನೂ ಗಮನಿಸಿ. ಮೇ ತಿಂಗಳಲ್ಲಿ ದೋಣಿಗಳು ಚಳಿಗಾಲದ ದುರಸ್ತಿ ಮುಗಿಸಿ ಹೊಸದಾಗಿರುತ್ತವೆ. ಆಗಸ್ಟ್ ಕೊನೆಯ ಹೊತ್ತಿಗೆ ಒಂದೊಂದು ದೋಣಿಯನ್ನೂ ಹತ್ತು ಹನ್ನೆರಡು ತಂಡಗಳು ಬಳಸಿಯಾಗಿರುತ್ತದೆ. ಕಂಪನಿಯ ಉಸ್ತುವಾರಿ ಎಂಥದ್ದು ಎಂಬುದು ಆಗಿನ ಅಭಿಪ್ರಾಯಗಳಲ್ಲಿ ಬಯಲಾಗುತ್ತದೆ.

ದೊಡ್ಡ ಹೆಸರಿನ ಕಂಪನಿ ಹಿಡಿದರೆ ಚಿಂತೆಯಿಲ್ಲ ಎಂಬ ಇನ್ನೊಂದು ಮಾತಿದೆ, ಅದರಲ್ಲಿ ಅರ್ಧ ಸತ್ಯವಿದೆ. 1969ರಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಅಮೆರಿಕದ ದಂಪತಿ ಆರಂಭಿಸಿದ ಮೂರಿಂಗ್ಸ್ ಇಂದು ಹಲವು ಕಡಲುಗಳಲ್ಲಿ ದಕ್ಕೆ ಇಟ್ಟುಕೊಂಡಿದೆ. ಇಂಥ ಕಂಪನಿಗಳ ದೋಣಿಗಳಲ್ಲಿ ಬಹಳಷ್ಟು ಕಂಪನಿಯ ಸ್ವಂತದ್ದಲ್ಲ. ಖಾಸಗಿ ಮಾಲೀಕರು ದೋಣಿ ಕೊಂಡು ಐದಾರು ವರ್ಷ ನಡೆಸಲು ಇವರ ಕೈಗೆ ಕೊಟ್ಟಿರುತ್ತಾರೆ. ಅವಧಿ ಮುಗಿದ ಮೇಲೆ ದೋಣಿ ಹೊರಹೋಗುತ್ತದೆ, ಹಾಗಾಗಿ ಹೊಸ ದೋಣಿ ಸಿಗುವ ಸಂಭವ ಇಲ್ಲಿ ಹೆಚ್ಚು. ದೊಡ್ಡವರ ನಿಜವಾದ ಬಲ ಕಾಣುವುದು ಮಹಾ ವಿಪತ್ತಿನಲ್ಲಿ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ವರ್ಜಿನ್ ದ್ವೀಪಗಳನ್ನು ಹೊಡೆದಾಗ ಅಲ್ಲಿನ ಬಾಡಿಗೆ ದೋಣಿಗಳು ನೂರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ರಾಶಿಬಿದ್ದವು. ಬೇರೆ ಕಡಲಿನಲ್ಲಿ ದೋಣಿ ಇದ್ದವರು ಗಿರಾಕಿಯನ್ನು ಅಲ್ಲಿಗೆ ಕಳಿಸಬಲ್ಲರು, ಒಂದೇ ದಕ್ಕೆಯವರಿಗೆ ಅದು ಆಗದ ಮಾತು. ಆದರೆ ಚಂಡಮಾರುತ ಪ್ರತಿ ವಾರ ಬರುವುದಿಲ್ಲ. ಶೌಚದ ಪಂಪು ಕಟ್ಟಿಕೊಳ್ಳುವುದು, ಬ್ಯಾಟರಿ ಸೋಲುವುದು ಪ್ರತಿ ವಾರದ್ದು. ಅದಕ್ಕೆ ಬೇಕಾದದ್ದು ಪ್ರತಿ ದೋಣಿಯ ಚಾಳಿ ಬಲ್ಲ ಮನುಷ್ಯ. ಹನ್ನೆರಡು ದೋಣಿಗಳ ಸ್ಥಳೀಯ ಕುಟುಂಬದ ಕಂಪನಿಯಲ್ಲಿ ಅಂಥವನು ಇರುವ ಸಂಭವ ಹೆಚ್ಚು. ಅಲ್ಲಿ ಎಂಟು ವರ್ಷದ ದೋಣಿಯೂ, ಚೆನ್ನಾಗಿ ನೋಡಿಕೊಂಡಿದ್ದರೆ, ಕೈಯಿಂದ ಕೈಗೆ ದುಡಿದು ದಣಿದ ಮೂರು ವರ್ಷದ ದೋಣಿಗಿಂತ ಮೇಲು. ಹಾಯಿ ಯಾವ ವರ್ಷ ಬದಲಾಯಿಸಿದಿರಿ, ಹಾಯಿಕಂಬ ಹಿಡಿದ ಉಕ್ಕಿನ ತಂತಿಗಳನ್ನು ಯಾವಾಗ ಹೊಸದು ಮಾಡಿದಿರಿ ಎಂದು ಕೇಳಿದರೆ ದೋಣಿಯ ನಿಜವಾದ ವಯಸ್ಸು ತಿಳಿಯುತ್ತದೆ.

ಹಣದ ವಿಚಾರದಲ್ಲಿ ಮೂರು ಗಂಟುಗಳಿವೆ. ಬುಕ್ ಮಾಡುವಾಗ ಸಾಮಾನ್ಯವಾಗಿ ಅರ್ಧ, ಹೊರಡುವ ನಾಲ್ಕಾರು ವಾರ ಮೊದಲು ಉಳಿದರ್ಧ ಕಟ್ಟಬೇಕು, ಎಂದರೆ ದೋಣಿ ಕಣ್ಣಿಗೆ ಬೀಳುವ ಮುಂಚೆಯೇ ಪೂರ್ತಿ ಹಣ ಅವರಲ್ಲಿರುತ್ತದೆ. ನಡುವೆ ಕಂಪನಿ ದಿವಾಳಿಯಾದರೆ? 2018ರ ಜುಲೈ 1ರಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಪ್ಯಾಕೇಜ್ ಪ್ರವಾಸ ನಿಯಮಗಳು ವಿಮಾನ, ವಸತಿ ಮುಂತಾದ ಎರಡು ಸೇವೆಗಳನ್ನು ಒಟ್ಟಾಗಿ ಮಾರುವವರ ಮೇಲೆ ದಿವಾಳಿ ರಕ್ಷಣೆಯ ಹೊಣೆ ಹೊರಿಸುತ್ತವೆ. ಬರಿಯ ದೋಣಿ ಬಾಡಿಗೆಗೆ ಸಾಧಾರಣವಾಗಿ ಆ ಆಸರೆ ಇಲ್ಲ. ಬಾಡಿಗೆ ಹಣಕ್ಕೇ ಪ್ರತ್ಯೇಕ ವಿಮೆ ಸಿಗುತ್ತದೆ, ಅದನ್ನು ಕೇಳಿ ಪಡೆಯಬೇಕು. ಎರಡನೆಯದು ಠೇವಣಿ. ಮಧ್ಯಮ ಗಾತ್ರದ ದೋಣಿಗೆ ಎರಡರಿಂದ ನಾಲ್ಕು ಸಾವಿರ ಯೂರೋವರೆಗೆ, ಕ್ಯಾಟಮರಾನ್‌ಗೆ ಅದಕ್ಕೂ ಹೆಚ್ಚು ಹಣವನ್ನು ಹತ್ತುವ ದಿನ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಭಾರತದ ಕಾರ್ಡಿನವರು ವಿದೇಶಿ ಬಳಕೆಯ ಮಿತಿಯನ್ನು ಹೊರಡುವ ಮೊದಲೇ ಏರಿಸಿಕೊಳ್ಳದಿದ್ದರೆ ದಕ್ಕೆಯಲ್ಲೇ ಸಿಕ್ಕಿಬೀಳುತ್ತಾರೆ. ಮೂರನೆಯದು ಠೇವಣಿಯ ಬದಲು ಕಟ್ಟುವ, ಮರಳಿ ಬಾರದ ಶುಲ್ಕ. ಇದನ್ನು ಕಟ್ಟಿದರೆ ಎಲ್ಲ ಹಾನಿಯೂ ಮನ್ನಾ ಎಂದು ಬಹಳ ಮಂದಿ ನಂಬುತ್ತಾರೆ. ಹೆಚ್ಚಿನ ಕಡೆ ದಡ ಸೇರಲು ಬಳಸುವ ಕಿರುದೋಣಿ, ಅದರ ಮೋಟರು, ಹರಿದ ಹಾಯಿ, ಅಜಾಗರೂಕತೆಯಿಂದಾದ ಹಾನಿ ಅದರ ಹೊರಗೆ ಉಳಿಯುತ್ತವೆ. ಅಜಾಗರೂಕತೆ ಎಂದರೇನೆಂದು ತೀರ್ಮಾನಿಸುವವರು ಯಾರು ಎಂಬ ಸಾಲನ್ನು ಕರಾರಿನಲ್ಲಿ ಹುಡುಕಿ ಓದಿ. ಆ ಸಾಲು ಇಲ್ಲದಿದ್ದರೆ ತೀರ್ಮಾನಿಸುವವರು ಅವರೇ.

ನಾವಂತೂ ದೋಣಿ ನಡೆಸುವವರಲ್ಲ, ಸ್ಕಿಪ್ಪರನ್ನು ಇಟ್ಟುಕೊಳ್ಳುತ್ತೇವೆ, ಇದೆಲ್ಲ ಅವನ ತಲೆನೋವು ಎನ್ನುವವರೂ ಇದ್ದಾರೆ. ಕನ್ನಡಿಗರಲ್ಲಿ ಹೆಚ್ಚಿನವರು ಹೋಗುವುದು ಹಾಗೆಯೇ, ಅದೇ ಸರಿ ಕೂಡ. ಸ್ವತಃ ನಡೆಸುವವರ ಬಳಿ ಕ್ರೊಯೇಷಿಯಾದ ಸಚಿವಾಲಯ ಒಪ್ಪಿದ ಪಟ್ಟಿಯಲ್ಲಿರುವ ಲೈಸೆನ್ಸ್ ಬೇಕು, ರೇಡಿಯೋ ಬಳಕೆಯ ಪ್ರಮಾಣಪತ್ರವೂ ಬೇಕು. ನಿಮ್ಮದು ನಡೆಯುತ್ತದೆಯೇ ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಪಡೆಯದೆ ಮುಂಗಡ ಕಟ್ಟಬಾರದು. ಆದರೆ ಸ್ಕಿಪ್ಪರ್ ಹಾಯಿಯನ್ನೂ ಗಾಳಿಯನ್ನೂ ಬಲ್ಲವನು. ಚಳಿಗಾಲದಲ್ಲಿ ಆ ದೋಣಿಗೆ ಯಾರು ಏನು ಮಾಡಿದರು ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಅವನು ಆ ದೋಣಿಯನ್ನು ಮೊದಲು ನೋಡುವುದು ನಿಮ್ಮ ಜೊತೆಯಲ್ಲೇ, ಅದೇ ಶನಿವಾರ ಸಂಜೆ. 2019ರ ಆಗಸ್ಟಿನಲ್ಲಿ ಹ್ವಾರ್ ದ್ವೀಪದ ಬಳಿ ಇಟಲಿಯ ಪ್ರವಾಸಿಗರಿದ್ದ ವಿಹಾರ ದೋಣಿಯೊಂದರೊಳಗೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಒಬ್ಬರು ಸತ್ತರು, ಮಕ್ಕಳು ಸೇರಿದಂತೆ ಹಲವರು ಆಸ್ಪತ್ರೆ ಸೇರಿದರು. ವಾಸನೆಯಿಲ್ಲದ ಆ ಅನಿಲವನ್ನು ಎಷ್ಟೇ ನುರಿತ ನಾವಿಕನ ಮೂಗೂ ಹಿಡಿಯಲಾರದು, ಅದಕ್ಕೆ ಮಲಗುವ ಕೋಣೆಯಲ್ಲಿ ಎಚ್ಚರಿಕೆಯ ಗಂಟೆ ಬೇಕು. ದೋಣಿಯಲ್ಲಿ ಅದು ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು. ಜನರ ಸಂಖ್ಯೆಯ ವಿಷಯವೂ ಹಾಗೆಯೇ. ದೋಣಿಯ ಕಾಗದದಲ್ಲಿ ಎಷ್ಟು ಮಂದಿ ಎಂದು ಬರೆದಿದೆಯೋ ಅಷ್ಟೇ, ಸ್ಕಿಪ್ಪರನನ್ನೂ ಲೆಕ್ಕಕ್ಕೆ ಹಿಡಿದು. ಅದೇ 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಮುಳುಗಿಹೋದದ್ದನ್ನು ನಮ್ಮ ಕರಾವಳಿ ಮರೆತಿಲ್ಲ. ಇನ್ನೊಬ್ಬರು ಹತ್ತಿದರೆ ಏನಾದೀತು ಎನ್ನುವ ಕಂಪನಿ, ಅದು ಯಾವ ದೇಶದ್ದೇ ಇರಲಿ, ಅಲ್ಲಿಗೆ ಮಾತು ಮುಗಿಸಿ ಹೊರಡಬೇಕಾದ ಕಂಪನಿ.

ಗಾಳಿಯ ಬಗ್ಗೆ ಕಂಪನಿ ಹೇಗೆ ಮಾತಾಡುತ್ತದೆ ಎಂಬುದಕ್ಕೆ ನಾನು ದರಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಈ ಕಡಲಿನಲ್ಲಿ ಬೇಸಿಗೆಯ ಒಳ್ಳೆಯ ದಿನಗಳಲ್ಲಿ ಬೆಳಿಗ್ಗೆ ತಡವಾಗಿ ಎದ್ದು ಸಂಜೆಗೆ ತಣಿಯುವ ವಾಯವ್ಯದ ಮಾಯೆಸ್ತ್ರಾಲ್ ಬೀಸುತ್ತದೆ, ಹಾಯಿದೋಣಿಗೆ ಅದು ಹೇಳಿಮಾಡಿಸಿದ ಗಾಳಿ. ಯೂಗೊ ಆಗ್ನೇಯದಿಂದ ಮೋಡ, ಸೆಕೆ ಹೊತ್ತು ದಿನಗಟ್ಟಲೆ ಏರುತ್ತಾ ದೊಡ್ಡ ಅಲೆಗಳನ್ನು ಕಟ್ಟುತ್ತದೆ. ಬೂರಾ ಹಾಗಲ್ಲ, ವೆಲೆಬಿತ್ ಬೆಟ್ಟಸಾಲಿನ ಮೇಲಿಂದ ಈಶಾನ್ಯದ ತಣ್ಣನೆಯ ಗಾಳಿ ಸ್ವಚ್ಛ ಆಕಾಶದ ಕೆಳಗೇ ಬಡಿಬಡಿದು ಇಳಿಯುತ್ತದೆ. ಚಳಿಗಾಲದಲ್ಲಿ ಹೆಚ್ಚಾದರೂ ಬೇಸಿಗೆಯಲ್ಲಿ ಬಾರದೆ ಇರುವುದಿಲ್ಲ. ಕಡಲು ಕೆಟ್ಟಾಗ ದಡದಲ್ಲೇ ಉಳಿಯಬೇಕೆಂಬುದನ್ನು ಮಲ್ಪೆ, ಹೊನ್ನಾವರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್, ಜುಲೈ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ದೋಣಿಗಳು ದಡದಲ್ಲಿ ನಿಲ್ಲುವ ಊರುಗಳು ಅವು. ಆದರೆ ಹಣ ಕಟ್ಟಿದ ಗಿರಾಕಿಗೆ ಇವತ್ತು ಹೊರಡಬೇಡಿ ಎಂದು ಹೇಳುವುದು ಬಾಡಿಗೆ ಕಂಪನಿಗೆ ಸುಲಭದ ಮಾತಲ್ಲ. ಕೆಲವು ಕಂಪನಿಗಳು ಪ್ರತಿದಿನ ಹವಾಮಾನದ ಸಂದೇಶ ಕಳಿಸುತ್ತವೆ, ಬೂರಾ ಬರುವಂತಿದ್ದರೆ ಯಾವ ಕೊಲ್ಲಿಯಲ್ಲಿ ತಂಗಬಾರದು ಎಂದು ಫೋನ್ ಮಾಡುತ್ತವೆ. ಗಾಳಿಯಿಂದ ಒಂದು ದಿನ ತಡವಾಗಿ ದೋಣಿ ಮರಳಿಸಿದರೆ ಏನು ಮಾಡುತ್ತೀರಿ ಎಂದು ಕೇಳಿ. ತಡವಾದ ತಾಸಿಗೆ ಇಷ್ಟು ದಂಡ ಎಂದಷ್ಟೇ ಬರೆದಿರುವ ಕರಾರು, ಹೊರಡಬಾರದ ಹೊತ್ತಿನಲ್ಲಿ ನಿಮ್ಮನ್ನು ಕಡಲಿಗೆ ನೂಕುತ್ತದೆ.

ಇದೆಲ್ಲ ದುಡ್ಡಿದ್ದವರ ಮಾತು, ನಮಗೆ ಅಗ್ಗದ್ದೇ ಗತಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಗ್ಗಕ್ಕೆ ಎರಡು ದಾರಿಗಳಿವೆ: ಅಗ್ಗದ ಕಂಪನಿ ಒಂದು, ಅಗ್ಗದ ತಿಂಗಳು ಇನ್ನೊಂದು. ಮೇ ಕೊನೆ, ಜೂನ್ ಮೊದಲ ವಾರಗಳು, ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಒಳ್ಳೆಯ ಕಂಪನಿಯ ದರವೂ ಜುಲೈ ಆಗಸ್ಟಿಗಿಂತ ಬಹಳ ಇಳಿಯುತ್ತದೆ. ಆ ವಾರಗಳಲ್ಲಿ ಎಲ್ಲ ದೋಣಿಗಳೂ ಹೊರಟಿರುವುದಿಲ್ಲ, ಅದೇ ಇಬ್ಬರು ಮೆಕ್ಯಾನಿಕ್‌ಗಳಿಗೆ ಅರ್ಧದಷ್ಟೇ ದೋಣಿಗಳು. ಕಡಿಮೆ ಹಣಕ್ಕೆ ಹೆಚ್ಚು ಗಮನ ಸಿಗುವ ಲೆಕ್ಕ ಇದೊಂದೇ. ಶಾಲೆಯ ರಜೆಗೆ ಕಟ್ಟುಬಿದ್ದವರಿಗೆ ಈ ದಾರಿ ಇಲ್ಲ, ನಿಜ. ಅವರು ದೋಣಿಯ ಗಾತ್ರವನ್ನು ಒಂದು ಕೋಣೆಯಷ್ಟು ಇಳಿಸಿಯಾದರೂ ದಕ್ಕೆಯ ಗುಣವನ್ನು ಉಳಿಸಿಕೊಳ್ಳುವುದು ಮೇಲು.

ಮರಳುವ ಶುಕ್ರವಾರ ಡೀಸೆಲ್ ತುಂಬಿಸುವ ಕಟ್ಟೆಯಲ್ಲಿ ಉದ್ದದ ಸಾಲು ಇರುತ್ತದೆ, ಅದಕ್ಕೆ ಎರಡು ತಾಸು ಎತ್ತಿಟ್ಟುಕೊಂಡೇ ಹೊರಡಬೇಕು. ತಳ ತಾಗಿದ್ದರೆ, ಏನಾದರೂ ಮುರಿದಿದ್ದರೆ ನೀವೇ ಮೊದಲು ಹೇಳಿಬಿಡಿ. ಮುಳುಗುಗಾರ ಹೇಗಿದ್ದರೂ ಇಳಿಯುತ್ತಾನೆ, ಮುಂದಿನ ವಾರ ಅದರಲ್ಲಿ ಹೋಗುವವರು ಇನ್ನೊಂದು ಕುಟುಂಬದವರು. ಹತ್ತುವಾಗ ದೋಣಿಯ ಬದಿ, ತಳದ ಅಂಚು, ಕಿರುದೋಣಿಯ ರಬ್ಬರು, ಹಾಯಿಯ ಅಂಚುಗಳ ಚಿತ್ರ ತೆಗೆದಿಟ್ಟಿದ್ದರೆ ಹಳೆಯ ಗೀರು ಯಾವುದು ಹೊಸದು ಯಾವುದು ಎಂಬ ವಾದಕ್ಕೆ ಎಡೆಯಿಲ್ಲ. ತಪಾಸಣೆ ಮುಗಿದ ಮೇಲೆ, ಠೇವಣಿ ಪೂರ್ತಿ ಬಿಡುಗಡೆಯಾಗಿದೆ ಎಂಬ ಕಾಗದಕ್ಕೆ ದಕ್ಕೆಯ ಮ್ಯಾನೇಜರರ ಸಹಿ ಹಾಕಿಸಿಕೊಂಡೇ ಇಳಿಯಿರಿ. ಕಾರ್ಡಿನಲ್ಲಿ ತಡೆಹಿಡಿದ ಹಣ ಬ್ಯಾಂಕಿನಲ್ಲಿ ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು, ಅಷ್ಟರಲ್ಲಿ ನೀವು ಊರು ಸೇರಿರುತ್ತೀರಿ.